ಮಧುಮೇಹಿಯ ಚೀಟಿಯಲ್ಲಿ ಅವರ ಕೆಲಸವನ್ನೂ ಬರೆಯಲಿ

ಮಾನ್ಯ ಸಂಪಾದಕರಿಗೆ,

2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳ (ಹೊಸ ಕಾರ್ಮಿಕ ಕಾನೂನುಗಳ) ಕುರಿತು ಪತ್ರಿಕೆಗಳಲ್ಲಿ ಪರ-ವಿರೋಧದ ಚರ್ಚೆ ಸಾಕಷ್ಟು ನಡೆದಿದೆ. ಕೆಲಸದ ಅವಧಿ, ಗ್ರಾಚ್ಯುಟಿ, ಮುಷ್ಕರದ ಹಕ್ಕು ಇವುಗಳ ವಾಗ್ವಾದದ ನಡುವೆ, 40 ವರ್ಷ ದಾಟಿದ ಕಾರ್ಮಿಕರಿಗೆ ಉದ್ಯೋಗದಾತರೇ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕೆಂಬ ಅಂಶ ಹೆಚ್ಚು ಜನರ ಗಮನಕ್ಕೆ ಬಂದಂತಿಲ್ಲ. ಸಂಹಿತೆಗಳ ಉಳಿದ ಭಾಗದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಒಂದು ಅಂಶವನ್ನು ಸರಿಯಾಗಿ ಬಳಸಿಕೊಂಡರೆ ಅನೇಕರ ಕಾಲು, ಕಣ್ಣು, ಮೂತ್ರಪಿಂಡಗಳನ್ನು ಉಳಿಸಬಹುದು. ಆದರೆ ಆ ತಪಾಸಣೆಯು ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು, ‘ಶುಗರ್ ಜಾಸ್ತಿ ಇದೆ, ಡಾಕ್ಟರಿಗೆ ತೋರಿಸಿ’ ಎಂದು ಕಳುಹಿಸುವಲ್ಲಿಗೇ ಮುಗಿದರೆ ಮಧುಮೇಹವಿರುವ ಕಾರ್ಮಿಕರಿಗೆ ಅದರಿಂದ ಆಗುವ ಉಪಕಾರ ಬಹಳ ಕಡಿಮೆ. ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದನ್ನು ಕೇಳಿ, ಆ ಕೆಲಸದಿಂದ ಅವರ ದೇಹದ ಯಾವ ಭಾಗಕ್ಕೆ ಮೊದಲು ಪೆಟ್ಟು ಬೀಳಬಹುದೆಂದು ನೋಡುವ ತಪಾಸಣೆ ಬೇಕು ಎಂಬುದು ಈ ಪತ್ರದ ವಿಷಯ.

ನಾನು ಮಂಡ್ಯ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಯಾಗಿದ್ದು ನಿವೃತ್ತಳಾದವಳು. ನನ್ನ ಸೇವೆಯ ಬಹುಭಾಗ ಡ್ರೆಸ್ಸಿಂಗ್ ಕೋಣೆಯಲ್ಲಿಯೇ ಕಳೆಯಿತು. ಅಲ್ಲಿಗೆ ಬರುತ್ತಿದ್ದ ಸಕ್ಕರೆ ಕಾಯಿಲೆಯವರ ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರು, ತೂಕ, ಬಿ.ಪಿ., ಶುಗರ್ ಎಲ್ಲವೂ ಇರುತ್ತಿದ್ದವು; ಅವರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಎಂಬುದು ಮಾತ್ರ ಇರುತ್ತಿರಲಿಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ 1700ರಷ್ಟು ಹಿಂದೆಯೇ, ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ ‘ನಿಮ್ಮ ಕಸುಬು ಯಾವುದು’ ಎಂಬುದನ್ನೂ ವೈದ್ಯರು ತಪ್ಪದೆ ಕೇಳಬೇಕೆಂದು ಬರೆದಿದ್ದರು. ಮುನ್ನೂರು ವರ್ಷಗಳ ಮೇಲಾದರೂ ನಮ್ಮ ಚೀಟಿಗಳಲ್ಲಿ ಆ ಪ್ರಶ್ನೆಗೆ ಜಾಗವಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟು ಜನರಲ್ಲಿ ದುಡಿಯುವ ವಯಸ್ಸಿನವರೇ ಬಹಳ ಮಂದಿ ಇರುವಾಗ, ಅವರ ದುಡಿಮೆಯನ್ನು ಬಿಟ್ಟು ಅವರ ಕಾಯಿಲೆಯನ್ನಷ್ಟೇ ನೋಡುವುದು ಅರ್ಧ ಚಿಕಿತ್ಸೆಯೇ ಸರಿ.

ನಾನು ಹತ್ತಿರದಿಂದ ನೋಡಿರುವುದು ಕಾಲುಗಳನ್ನಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದರೆ ಪಾದದ ನರಗಳು ಮೆಲ್ಲಗೆ ಕೆಡುತ್ತವೆ. ಮೊದಲು ಜೋಮು, ಉರಿ; ಆಮೇಲೆ ಏನೂ ಗೊತ್ತಾಗದ ಸ್ಥಿತಿ. ಬೆವರಿನ ಗ್ರಂಥಿಗಳನ್ನು ನಡೆಸುವ ನರಗಳೂ ಕೆಡುವುದರಿಂದ ಚರ್ಮ ಒಣಗಿ ಹಿಮ್ಮಡಿ ಸೀಳುತ್ತದೆ. ಪಾದದ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಆಗ ದೇಹದ ಭಾರವೆಲ್ಲ ಬೆರಳುಗಳ ಬುಡದ ಒಂದೆರಡು ಕಡೆಯೇ ಬಿದ್ದು ಅಲ್ಲಿ ಚರ್ಮ ದಡ್ಡುಗಟ್ಟುತ್ತದೆ, ಆ ದಡ್ಡಿನ ಅಡಿಯಲ್ಲೇ ಹುಣ್ಣು ಹುಟ್ಟುತ್ತದೆ. ಮೇಲಿಂದ ನೋಡಿದವರಿಗೆ ಅದು ಬರೀ ಆಣಿಯಂತೆ ಕಾಣುತ್ತದೆ. ಕತ್ತರಿಸಿ ತೆಗೆದಾಗಲೇ ಒಳಗಿನ ಕೀವಿನ ಗುಳಿ ಕಾಣುವುದು.

ಈ ಕಾಲು ಕಚೇರಿಯ ಮೇಜಿನ ಕೆಳಗೆ ಮೆತ್ತನೆಯ ಪಾದರಕ್ಷೆಯೊಳಗೆ ಇರುವುದಕ್ಕೂ, ಕಬ್ಬು ಕಡಿಯುವ ಗದ್ದೆಯಲ್ಲಿ ಇರುವುದಕ್ಕೂ ಬಹಳ ಅಂತರವಿದೆ. ಕಬ್ಬು ಕಡಿದಾದ ಮೇಲೆ ಉಳಿಯುವ ಕೂಳೆ ಓರೆಯಾಗಿ ಹರಿತವಾಗಿರುತ್ತದೆ. ಮೇಲೆ ತರಗು ಮುಚ್ಚಿಕೊಂಡಿರುವುದರಿಂದ ಅದು ಕಣ್ಣಿಗೆ ಬೀಳುವುದೂ ಇಲ್ಲ. ಸ್ಪರ್ಶವಿರುವ ಕಾಲು ಕೂಳೆ ತಾಗಿದೊಡನೆ ತಾನಾಗಿಯೇ ಹಿಂದೆ ಸರಿಯುತ್ತದೆ. ಸ್ಪರ್ಶವಿಲ್ಲದ ಕಾಲು ಅದರ ಮೇಲೆಯೇ ಪೂರ್ತಿ ಭಾರ ಬಿಡುತ್ತದೆ. ಒಬ್ಬ ಕಡಿಯಾಳು ಸಂಜೆ ಕಾಲು ತೊಳೆಯುವಾಗ ನೀರು ಕೆಂಪಾದುದನ್ನು ನೋಡಿದ ಮೇಲಷ್ಟೇ ಗಾಯ ಗೊತ್ತಾಯಿತೆಂದು ಹೇಳಿ ನನ್ನ ಮುಂದೆ ಪಾದ ಚಾಚಿದ್ದರು. ಕೂಳೆಯ ಚೂರು ಇನ್ನೂ ಮಾಂಸದೊಳಗೇ ಇತ್ತು, ಅವರ ಮುಖದಲ್ಲಿ ನೋವಿನ ಗೆರೆಯೂ ಇರಲಿಲ್ಲ. ಆಲೆಮನೆಯಲ್ಲಿ ಒಲೆಗೆ ಉರಿ ಹಾಕುವವರ ಪಾದದ ಸುಟ್ಟಗಾಯ, ಗಾರೆ ಕೆಲಸದವರ ಬೆರಳ ಸಂದಿಯಲ್ಲಿ ಹಸಿ ಸಿಮೆಂಟಿನ ಕ್ಷಾರ ತಿಂದುಹಾಕಿದ ಚರ್ಮ, ಸೆಂಟ್ರಿಂಗ್ ಹಲಗೆಯ ಮೊಳೆ, ನಾಟಿ ಹಾಕುವ ಹೆಂಗಸರ ಕೆಸರಿನಲ್ಲಿ ನೆನೆದು ಹುಳುಕು ಹಿಡಿದ ಬೆರಳುಗಳು ಇವೆಲ್ಲವೂ ಅದೇ ಕೋಣೆಗೆ ಬರುತ್ತಿದ್ದವು. ಬೇಸಿಗೆಯಲ್ಲಿ ದೇವಸ್ಥಾನದ ಅಂಗಳದ ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಬರುವ ಅರ್ಚಕರಿಗೂ ಅಂಗಾಲು ತುಂಬ ಬೊಬ್ಬೆ ಬರುವುದುಂಟು. ಬರಿಗಾಲು ಅವರ ಕೆಲಸದ ನಿಯಮವೇ ಆಗಿರುವುದರಿಂದ ‘ಚಪ್ಪಲಿ ಹಾಕಿಕೊಳ್ಳಿ’ ಎಂಬ ಸಲಹೆ ಅವರಿಗೆ ಕೆಲಸಕ್ಕೆ ಬಾರದು, ಅಂಗಳಕ್ಕೆ ನೆರಳು ಇಲ್ಲವೇ ನಡೆಯಲು ನಾರಿನ ಹಾಸು ಬೇಕು.

ಗಾಯವಾದ ಮೇಲಿನ ಚಿಕಿತ್ಸೆಯಲ್ಲಿಯೂ ಉದ್ಯೋಗ ಅಡ್ಡ ಬರುತ್ತದೆ. ಅಂಗಾಲಿನ ಮಧುಮೇಹದ ಹುಣ್ಣು ಮಾಯಲು ಮುಲಾಮಿಗಿಂತ, ಪ್ರತಿಜೀವಕಕ್ಕಿಂತ ಮುಖ್ಯವಾದುದು ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ಅದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಸಂಬಳ ಸಹಿತ ರಜೆ ಇರುವ ಗುಮಾಸ್ತರಿಗೆ ವೈದ್ಯರು ಇದನ್ನು ಹೇಳಿದರೆ ಅದು ಸಲಹೆ. ದಿನಗೂಲಿಯವರಿಗೆ ಹೇಳಿದರೆ, ಅಷ್ಟು ದಿನ ಮನೆಯಲ್ಲಿ ಒಲೆ ಹೊತ್ತಿಸಬೇಡಿ ಎಂದ ಹಾಗೆ. ಆದ್ದರಿಂದ ಅವರು ಬೆಳಿಗ್ಗೆ ನಮ್ಮಲ್ಲಿ ಕಟ್ಟು ಕಟ್ಟಿಸಿಕೊಂಡು ನೇರವಾಗಿ ಕೆಲಸಕ್ಕೆ ಹೋಗುತ್ತಿದ್ದರು, ಎರಡು ದಿನ ಬಿಟ್ಟು ಮಣ್ಣು ಮೆತ್ತಿದ ಅದೇ ಕಟ್ಟಿನೊಂದಿಗೆ ಬರುತ್ತಿದ್ದರು. ಇವರನ್ನು ‘ಹೇಳಿದ ಮಾತು ಕೇಳದ ರೋಗಿಗಳು’ ಎಂದು ಕರೆಯುವುದನ್ನು ನಾನು ಸೇವೆಯಲ್ಲಿದ್ದಾಗಲೂ ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಬೆರಳಿನಲ್ಲಿ ನಿಲ್ಲಬಹುದಾಗಿದ್ದ ಗಾಯ ಪಾದಕ್ಕೆ, ಪಾದದಿಂದ ಮೊಣಕಾಲಿನವರೆಗೆ ಏರಿ, ಕಡೆಗೆ ಕಾಲು ತೆಗೆಯುವ ಸ್ಥಿತಿ ಬಂದುದರ ಹಿಂದೆ ಅನೇಕ ಸಲ ನಾನು ಕಂಡದ್ದು ಅಶ್ರದ್ಧೆಯನ್ನಲ್ಲ, ಕೂಲಿಯ ಲೆಕ್ಕವನ್ನು.

ಸ್ಪರ್ಶವಿಲ್ಲದ ಕಾಲನ್ನು ಕಾಪಾಡುವ ವಿದ್ಯೆ ಬಹುಮಟ್ಟಿಗೆ ನಮ್ಮ ಪಕ್ಕದಲ್ಲೇ ಬೆಳೆದದ್ದು ಎಂಬುದನ್ನು ಇಲ್ಲಿ ನೆನೆಯಬೇಕು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರಚಿಕಿತ್ಸಕ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಕಾಲಿನ ಹುಣ್ಣಿಗೆ ಕಾರಣ ರೋಗಾಣುವಿಗಿಂತ ಹೆಚ್ಚಾಗಿ ನೋವಿನ ಅರಿವಿಲ್ಲದೆ ಮತ್ತೆ ಮತ್ತೆ ಬೀಳುವ ಒತ್ತಡ ಎಂಬುದನ್ನು ತೋರಿಸಿಕೊಟ್ಟರು. ಅದೇ ತಿಳಿವಳಿಕೆ ಮುಂದೆ ಮಧುಮೇಹಿಗಳ ಪಾದದ ಆರೈಕೆಗೂ ಆಧಾರವಾಯಿತು. ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲಾರ್) ರಬ್ಬರಿನ ಚಪ್ಪಲಿಗಳನ್ನು ಇಂದು ಮಧುಮೇಹಿಗಳಿಗೂ ಬರೆದುಕೊಡುತ್ತಾರೆ. ಅವುಗಳಿಗೆ ಹಿಮ್ಮಡಿಯ ಪಟ್ಟಿ ಇರಬೇಕು. ಹವಾಯಿ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದರೂ ಅರಿವಾಗದೆ ಮುಂದೆ ನಡೆದುಹೋಗುವವರನ್ನು ನಾನು ಆಸ್ಪತ್ರೆಯ ವರಾಂಡದಲ್ಲಿಯೇ ನೋಡಿದ್ದೇನೆ. ಆದರೆ ಎಂಸಿಆರ್ ಚಪ್ಪಲಿ ಕೆಸರಿಗೂ ಕೂಳೆಗೂ ತಡೆಯದು. ಗದ್ದೆಯವರಿಗೆ ಬೇಕಾದ ಪಾದರಕ್ಷೆ ಬೇರೆ, ಪೌರಕಾರ್ಮಿಕರದ್ದು ಬೇರೆ, ಗಾರೆಯವರದ್ದು ಬೇರೆ. ಗುತ್ತಿಗೆದಾರರು ಒಂದೇ ಅಳತೆಯ ಗಮ್‌ಬೂಟುಗಳನ್ನು ರಾಶಿ ಹಾಕಿ ಹಂಚಿದರೆ, ಬಿಗಿಯಾದ ಬೂಟೇ ಬೆರಳಿನ ಮೇಲೆ ಹುಣ್ಣು ಎಬ್ಬಿಸುತ್ತದೆ.

ಇನ್ನು ಚಾಲಕರ ವಿಷಯ. ಮಧುಮೇಹಕ್ಕೆ ಕೊಡುವ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್‌ನಂತಹ ಕೆಲವು, ಹಾಗೆಯೇ ಇನ್ಸುಲಿನ್, ಊಟದ ಹೊತ್ತು ತಪ್ಪಿದರೆ ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಕ್ಕೆ ಇಳಿಸಬಲ್ಲವು. ಆಗ ಬೆವರು, ನಡುಕ, ಮಂಕು, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು. ಬೆಳಗಿನ ಜಾವ ಡಿಪೋದಿಂದ ಬಸ್ಸು ತೆಗೆಯುವ ಚಾಲಕರು ಮನೆಯಲ್ಲಿ ಮಾತ್ರೆ ನುಂಗಿ ಹೊರಟರೆ, ತಿಂಡಿಗೆ ಬಸ್ಸು ನಿಲ್ಲುವುದು ಎಷ್ಟು ಹೊತ್ತಿಗೋ. ಐವತ್ತು ಜನರನ್ನು ಹಿಂದೆ ಕೂರಿಸಿಕೊಂಡು ಒಂದು ಸಲ ಕಣ್ಣು ಮಂಜಾದ ಅನುಭವವಾದವರು ಮತ್ತೆ ಆ ಅಪಾಯಕ್ಕೆ ಕೈ ಹಾಕುವುದಿಲ್ಲ. ಡ್ಯೂಟಿಯ ದಿನ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಅವರ ಜಾಗದಲ್ಲಿ ನಿಂತು ನೋಡಿದರೆ ಅದು ಪ್ರಯಾಣಿಕರ ಮೇಲಿನ ಕಾಳಜಿಯೇ. ಆದರೆ ಹೀಗೆ ವರ್ಷಗಳ ಕಾಲ ಮೇಲೆಯೇ ಉಳಿದ ಸಕ್ಕರೆ ಅವರ ಕಣ್ಣಿನ ಹಿಂಭಾಗದ ಪದರವಾದ ಅಕ್ಷಿಪಟಲವನ್ನು (ರೆಟಿನಾ) ಸದ್ದಿಲ್ಲದೆ ಕೆಡಿಸುತ್ತದೆ. ಆರಂಭದಲ್ಲಿ ನೋವಿಲ್ಲ, ದೃಷ್ಟಿಯೂ ಚೆನ್ನಾಗಿಯೇ ಇರುತ್ತದೆ. ರೋಗ ಬಲಿತ ಮೇಲೆ ಲೇಸರ್ ಚಿಕಿತ್ಸೆಯಿಂದ ಕಣ್ಣನ್ನು ಉಳಿಸಬಹುದಾದರೂ, ಅಕ್ಷಿಪಟಲದ ಅಂಚಿನುದ್ದಕ್ಕೂ ಕೊಡುವ ಲೇಸರಿನಿಂದ ಬದಿಯ ನೋಟ, ರಾತ್ರಿಯ ನೋಟ ಎರಡೂ ಕುಗ್ಗಬಹುದು. ಬೇರೆಯವರು ಅದನ್ನು ಸಹಿಸಿಕೊಂಡು ಬಾಳಬಹುದು. ರಾತ್ರಿ ಬಸ್ಸು ಓಡಿಸುವವರಿಗೆ ಅಲ್ಲಿಗೆ ಆ ಕೆಲಸ ಮುಗಿದಂತೆ. ಈ ಕಾರಣಕ್ಕೇ ಚಾಲಕರ ಅಕ್ಷಿಪಟಲದ ಪರೀಕ್ಷೆ ವರ್ಷಕ್ಕೊಮ್ಮೆ ತಪ್ಪದೆ ನಡೆಯಬೇಕು, ಅಕ್ಷರ ಓದಿಸುವ ಫಲಕದ ಮುಂದೆ ನಿಲ್ಲಿಸಿ ಕಳುಹಿಸಿದರೆ ಸಾಲದು. ಸಕ್ಕರೆ ಕುಸಿಯುವ ಅಪಾಯ ಕಡಿಮೆ ಇರುವ ಔಷಧಗಳೂ ಇವೆ. ಎದುರಿಗಿರುವವರು ಚಾಲಕರೆಂದು ವೈದ್ಯರಿಗೆ ತಿಳಿದರೆ ತಾನೇ ಅವರು ಅದನ್ನು ಯೋಚಿಸುವುದು? ಐದು ಗಂಟೆ ಸತತ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂಬ ನಿಯಮ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಇದೆ. ಆ ಅರ್ಧ ಗಂಟೆ ಮಧುಮೇಹಿ ಚಾಲಕರ ಪಾಲಿಗೆ ಔಷಧದ ಒಂದು ಭಾಗ. ಲಾರಿ, ಕ್ಯಾಬು ಓಡಿಸುವವರಿಗೆ ಅದನ್ನು ಕೊಡುವವರು ಯಾರೆಂಬುದೇ ಸ್ಪಷ್ಟವಿಲ್ಲ.

ನಮ್ಮ ಜಿಲ್ಲೆಯಿಂದ ದಿನವೂ ಗಾರ್ಮೆಂಟ್ಸ್ ಬಸ್ಸು ಹತ್ತಿ ಹೋಗುವ ಹೆಣ್ಣುಮಕ್ಕಳ ತೊಂದರೆ ಇನ್ನೊಂದು ಬಗೆಯದು. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟಿನ ಒತ್ತಡದಲ್ಲಿ ಶೌಚಾಲಯಕ್ಕೆ ಏಳುವುದೇ ಕಷ್ಟವಾದ್ದರಿಂದ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮಧುಮೇಹವಿದ್ದವರಿಗೆ ಮೂತ್ರನಾಳದ ಸೋಂಕು ಸುಲಭವಾಗಿ ತಗಲುತ್ತದೆ; ಮೂತ್ರ ಕಟ್ಟಿಕೊಳ್ಳುವ ಅಭ್ಯಾಸವೂ ಸೇರಿದರೆ ಅದು ಮರುಕಳಿಸುತ್ತಲೇ ಇರುತ್ತದೆ. ಇದರ ಜೊತೆಗೆ, ಹೆಚ್ಚಿನ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಪಾಗ್ಲಿಫ್ಲೋಜಿನ್‌ನಂತಹ ಮಾತ್ರೆಗಳು ಈಗ ಕಡಿಮೆ ಬೆಲೆಗೆ ಸಿಗುತ್ತಿದ್ದು ಬಳಕೆ ಹೆಚ್ಚಾಗಿದೆ. ಹೃದಯಕ್ಕೂ ಮೂತ್ರಪಿಂಡಕ್ಕೂ ರಕ್ಷಣೆ ಕೊಡುವ ಒಳ್ಳೆಯ ಔಷಧವದು. ಆದರೆ ಅದನ್ನು ನುಂಗಿದವರು ಮೇಲಿಂದ ಮೇಲೆ ಮೂತ್ರಕ್ಕೆ ಏಳಬೇಕಾಗುತ್ತದೆ. ‘ಸೂಪರ್‌ವೈಸರ್ ಎಲ್ಲರ ಎದುರಿಗೇ ಬೈತಾರೆ ಸಿಸ್ಟರ್, ಅದಕ್ಕೇ ಭಾನುವಾರ ಮಾತ್ರ ತಗೋತೀನಿ’ ಎಂದು ಹೇಳಿದ ಹೆಣ್ಣುಮಗಳ ಮುಖ ನನಗೆ ಮರೆಯದು. ಆಕೆಯ ಮೂರು ತಿಂಗಳ ಸರಾಸರಿ ಸಕ್ಕರೆ ಏಕೆ ಇಳಿಯುತ್ತಿಲ್ಲ ಎಂಬುದಕ್ಕೆ ಉತ್ತರ ಪ್ರಯೋಗಾಲಯದಲ್ಲಿ ಇರಲಿಲ್ಲ, ಹೊಲಿಗೆಯ ಸಾಲಿನಲ್ಲಿತ್ತು.

ಬಿಸಿಲಿನಲ್ಲಿ ದುಡಿಯುವವರ ಮೂತ್ರಪಿಂಡದ ಮಾತೂ ಇದಕ್ಕೆ ಹತ್ತಿರದ್ದೇ. ಬೆವರಿ ದೇಹದ ನೀರು ಬತ್ತುವುದು, ಸಂಜೆ ಮೈಕೈ ನೋವಿಗೆ ಔಷಧದಂಗಡಿಯಿಂದ ಬಿಡಿಯಾಗಿ ತಂದ ಡೈಕ್ಲೊಫೆನ್ಯಾಕ್‌ನಂತಹ ನೋವಿನ ಮಾತ್ರೆ ನುಂಗುವುದು, ಮೊದಲೇ ಇರುವ ಮಧುಮೇಹ, ಗಮನಕ್ಕೆ ಬಾರದ ರಕ್ತದೊತ್ತಡ ಈ ನಾಲ್ಕೂ ಒಟ್ಟುಗೂಡಿದರೆ ಮೂತ್ರಪಿಂಡ ಬಹಳ ಬೇಗ ಸೋಲುತ್ತದೆ. ಸೋತ ಮೇಲೆ ಡಯಾಲಿಸಿಸ್‌ಗೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ದಿನ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಬೇಕಾಗುವುದರಿಂದ ಯಾವ ಕೂಲಿಯೂ ನಡೆಯುವುದಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದೆಯೇ ಎಂದು ನೋಡುವ ಸರಳ ಪರೀಕ್ಷೆ ವರ್ಷಗಳಷ್ಟು ಮೊದಲೇ ಎಚ್ಚರಿಕೆ ಕೊಡುತ್ತದೆ. ಇನ್ಸುಲಿನ್ ಇಡಲು ಫ್ರಿಜ್ ಇಲ್ಲದ ಶೆಡ್ಡುಗಳಲ್ಲಿ ವಾಸಿಸುವ ಕಟ್ಟಡ ಕಾರ್ಮಿಕರಿಗೆ, ನೀರು ಹನಿಯುವ ಮಣ್ಣಿನ ಮಡಕೆಯೊಳಗೆ ನೀರು ತಾಕದಂತೆ ಅದನ್ನು ಇಡುವುದನ್ನಾದರೂ ಯಾರಾದರೂ ಹೇಳಿಕೊಡಬೇಕು.

ಕೈಗಳ ಬಗ್ಗೆ ವೈದ್ಯರೂ ಕಡಿಮೆ ಮಾತಾಡುತ್ತಾರೆ. ಬಹುಕಾಲದ ಮಧುಮೇಹದಲ್ಲಿ ಬೆರಳ ಕೀಲುಗಳು ಬಿಗಿಯಾಗುತ್ತವೆ, ಭುಜ ಹಿಡಿದುಕೊಳ್ಳುತ್ತದೆ, ಮಡಚಿದ ಬೆರಳು ಬಿಡಿಸಲು ಬಾರದೆ ಸಿಕ್ಕಿಕೊಳ್ಳುತ್ತದೆ. ಕೈಮುಗಿಯಲು ಹೇಳಿ ನೋಡಿದರೆ ಎರಡೂ ಅಂಗೈಗಳು ಪೂರ್ತಿ ಕೂಡದೆ ನಡುವೆ ಸಂದು ಉಳಿಯುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ. ಟೈಲರ್, ಕ್ಷೌರಿಕ, ಬೀಡಿ ಕಟ್ಟುವವರು, ನೇಕಾರರು ಇವರೆಲ್ಲರ ಅನ್ನ ಇರುವುದು ಆ ಬೆರಳುಗಳಲ್ಲೇ. ಹಾಗೆಯೇ, ಕಣ್ಣಿನ ಹಿಂಭಾಗದಲ್ಲಿ ದುರ್ಬಲವಾದ ಹೊಸ ರಕ್ತನಾಳಗಳು ಬೆಳೆದಿರುವ ಮಧುಮೇಹಿ ಹಮಾಲರು ಉಸಿರು ಬಿಗಿಹಿಡಿದು ಮೂಟೆ ಎತ್ತಿದರೆ ಕಣ್ಣೊಳಗೆ ರಕ್ತಸ್ರಾವವಾಗುವ ಸಂಭವವಿದೆ. ಎಪಿಎಂಸಿ ಯಾರ್ಡಿನಲ್ಲಿ ಇದನ್ನು ತಿಳಿದವರು ಎಷ್ಟು ಮಂದಿ ಇದ್ದಾರು?

ಉದ್ಯೋಗವೇ ಈ ತೊಂದರೆಗಳಿಗೆಲ್ಲ ಮೂಲ ಎಂಬುದು ನನ್ನ ವಾದವಲ್ಲ. ಮಧುಮೇಹ ಬಂದು ಎಷ್ಟು ವರ್ಷವಾಯಿತು, ಸಕ್ಕರೆ ಮತ್ತು ರಕ್ತದೊತ್ತಡ ಎಷ್ಟು ಹತೋಟಿಯಲ್ಲಿವೆ, ಬೀಡಿ-ಸಿಗರೇಟಿನ ಅಭ್ಯಾಸವಿದೆಯೇ ಎಂಬುವೇ ಮೊದಲು ಬರುತ್ತವೆ. ಸಕ್ಕರೆಯ ಹತೋಟಿಯಿಂದ ಕಣ್ಣು, ಮೂತ್ರಪಿಂಡ, ನರಗಳ ತೊಂದರೆ ಕಡಿಮೆಯಾಗುತ್ತದೆ ಎಂಬುದನ್ನು 1993ರಲ್ಲಿ ಅಮೆರಿಕದ, 1998ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನಗಳು ತೋರಿಸಿಕೊಟ್ಟಿವೆ. ಕುಳಿತೇ ಮಾಡುವ ಕೆಲಸದವರೂ ಸುರಕ್ಷಿತರಲ್ಲ. ಅವರಿಗೆ ಹೃದಯದ ಚಿಂತೆ ಹೆಚ್ಚು, ರಾತ್ರಿ ಪಾಳಿಯವರಿಗೆ ಊಟ, ನಿದ್ದೆ, ಔಷಧದ ಹೊತ್ತು ವಾರವಾರವೂ ಅದಲುಬದಲಾಗುವ ಕಷ್ಟ. ಆದರೆ ಸಕ್ಕರೆಯನ್ನು ಹತೋಟಿಯಲ್ಲಿ ಇಡಲು ಬೇಕಾದ ಹೊತ್ತಿನ ಊಟ, ಬಿಡುವು, ನೀರು, ಶೌಚಾಲಯ, ರಜೆ ಇವುಗಳಲ್ಲಿ ಯಾವುದು ಯಾರಿಗೆ ದಕ್ಕುತ್ತದೆ ಎಂಬುದನ್ನು ನಿರ್ಧರಿಸುವುದು ಉದ್ಯೋಗ. ‘ಮೈಮುರಿದು ದುಡಿಯುವವರಿಗೆ ಸಕ್ಕರೆ ಕಾಯಿಲೆ ಏನೂ ಮಾಡದು’ ಎಂಬ ಮಾತನ್ನು ಹಳ್ಳಿಗಳಲ್ಲಿ ಈಗಲೂ ಕೇಳುತ್ತೇನೆ. ದುಡಿಮೆ ಸಕ್ಕರೆಯನ್ನು ಸ್ವಲ್ಪ ಇಳಿಸೀತು, ಸ್ಪರ್ಶವಿಲ್ಲದ ಕಾಲನ್ನು ಅದು ಕಾಯುವುದಿಲ್ಲ.

ಆದ್ದರಿಂದ ಸರ್ಕಾರದಲ್ಲಿ ನನ್ನ ಕೋರಿಕೆ ಇಷ್ಟು. ಆರೋಗ್ಯ ಇಲಾಖೆಯು ಮಧುಮೇಹಿಗಳ ಹೊರರೋಗಿ ಚೀಟಿಯಲ್ಲಿ ‘ಕೆಲಸ’ ಎಂಬ ಒಂದು ಸಾಲನ್ನು ಸೇರಿಸಲಿ, ಅದನ್ನು ‘ಕೂಲಿ’ ಎಂಬ ಒಂದೇ ಪದದಿಂದ ತುಂಬದೆ ಏನು ಕೂಲಿ, ಎಷ್ಟು ಹೊತ್ತು, ಬರಿಗಾಲೋ ಅಲ್ಲವೋ ಎಂಬುದನ್ನೂ ಬರೆಯಲಿ. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ವರ್ಷ ಮೇಲ್ಪಟ್ಟವರನ್ನು ಮನೆ ಬಾಗಿಲಲ್ಲೇ ತಪಾಸಣೆ ಮಾಡುವ ಕ್ರಮ ನಿಜಕ್ಕೂ ಒಳ್ಳೆಯದು. ಆದರೆ ಸಿಬ್ಬಂದಿ ಬರುವ ಹಗಲು ಹೊತ್ತಿನಲ್ಲಿ ದುಡಿಯುವವರು ಮನೆಯಲ್ಲಿ ಸಿಗುವುದಿಲ್ಲವಾದ್ದರಿಂದ, ಅದೇ ತಂಡ ತಿಂಗಳಿಗೊಂದು ದಿನವಾದರೂ ಆಲೆಮನೆ, ಬಸ್ ಡಿಪೋ, ಸಂತೆಮಾಳ, ಕಟ್ಟಡದ ಸೈಟುಗಳಿಗೆ ಹೋಗಲಿ. ಕಾರ್ಮಿಕ ಇಲಾಖೆಯು ಉದ್ಯೋಗದಾತರ ವಾರ್ಷಿಕ ತಪಾಸಣೆಯಲ್ಲಿ ಮಧುಮೇಹಿಗಳಿಗೆ ಮೂರು ತಿಂಗಳ ಸರಾಸರಿ ಸಕ್ಕರೆ, ಅಕ್ಷಿಪಟಲದ ಚಿತ್ರ, ಮೂತ್ರದ ಆಲ್ಬುಮಿನ್ ಪರೀಕ್ಷೆಗಳನ್ನು ಕಡ್ಡಾಯ ಮಾಡಲಿ. ಬೂಟು, ಚಪ್ಪಲಿ, ಕಾಲುಚೀಲ ಬಿಚ್ಚಿಸಿ ಪಾದ ನೋಡುವುದನ್ನೂ, ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಸ್ಪರ್ಶ ಪರೀಕ್ಷಿಸುವುದನ್ನೂ ಅದರಲ್ಲಿ ಸೇರಿಸಲಿ. ಆ ಎಳೆಯ ಬೆಲೆ ಅತ್ಯಲ್ಪ, ಪರೀಕ್ಷೆಗೆ ಬೇಕಾದ ಸಮಯ ಕೆಲವೇ ನಿಮಿಷ. ಅದನ್ನು ಮಾಡಲು ವೈದ್ಯರೇ ಬೇಕೆಂದಿಲ್ಲ, ನನ್ನಂತಹ ಶುಶ್ರೂಷಕಿಯರು ಸಾಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು. ತಪಾಸಣೆ ಮಾಡಿಸುವ ಖರ್ಚು ಉದ್ಯೋಗದಾತರದ್ದಾದಾಗ ಅದರ ಫಲಿತಾಂಶವೂ ಅವರ ಕೈಗೇ ಹೋಗುತ್ತದೆಂಬ ಭಯ ಕಾರ್ಮಿಕರಲ್ಲಿ ಇದ್ದೇ ಇರುತ್ತದೆ. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆಗಳು ಕೆಲಸದಿಂದ ತೆಗೆಯುವಂತಿಲ್ಲ, ಇದ್ದ ಹುದ್ದೆಯ ಕೆಲಸ ಮಾಡಲಾಗದಿದ್ದರೆ ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆಗೆ ವರ್ಗಾಯಿಸಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಖಾಸಗಿ ಕಾರ್ಖಾನೆಯವರಿಗೆ, ಗುತ್ತಿಗೆಯವರಿಗೆ ಆ ಆಸರೆಯಿಲ್ಲ. ಆದ್ದರಿಂದಲೇ ಕಾಲು ಜೋಮು ಹಿಡಿದಿದ್ದರೂ ‘ಏನೂ ಇಲ್ಲ’ ಎನ್ನುತ್ತಾರೆ. ಪರೀಕ್ಷೆಯ ವಿವರ ಕಾರ್ಮಿಕರ ಕೈಗೆ ಮಾತ್ರ ಸಿಗಬೇಕು, ಮಾಲೀಕರಿಗೆ ‘ಈ ಕೆಲಸಕ್ಕೆ ಇಂತಹ ಬದಲಾವಣೆ ಬೇಕು’ ಎಂಬಷ್ಟು ಮಾತ್ರ ತಿಳಿಸಬೇಕು, ಮಧುಮೇಹದ ಕಾರಣಕ್ಕೆ ಯಾರನ್ನೂ ಕೆಲಸದಿಂದ ಬಿಡಿಸಬಾರದು ಎಂದು ರಾಜ್ಯ ಸರ್ಕಾರವು ತನ್ನ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆಯಲಿ. ಅಷ್ಟು ಭರವಸೆ ಸಿಗದೆ ಕಾರ್ಮಿಕರು ತಪಾಸಣೆಯ ಕೋಣೆಯಲ್ಲಿ ಬೂಟು ಬಿಚ್ಚುವುದಿಲ್ಲ.

ಇಂತಿ,
ನಿವೃತ್ತ ಶುಶ್ರೂಷಾಧಿಕಾರಿ,
ಮಂಡ್ಯ ಜಿಲ್ಲೆ